ಕಸದ ಗುಡ್ಡೆ ಪಕ್ಕದ ಬೋರ್‌ವೆಲ್: ನೀರು, ಗ್ಯಾಸ್ ಪರೀಕ್ಷೆ ಮಾಡಿಸುವುದು ಹೇಗೆ?

ಬೆಂಗಳೂರಿನ ಕಸದ ಲಾರಿಗಳು ಕಸ ಸುರಿಯಲು ನಗರದಾಚೆಯ ಮಾವಳ್ಳಿಪುರಕ್ಕೆ ಬರುವುದು 2012ರಲ್ಲಿ ನಿಂತಿತು, ಮಂಡೂರಿಗೆ 2014ರ ಕೊನೆಗೆ. ಲಾರಿ ನಿಂತರೂ ಗುಡ್ಡೆ ಇರುವಷ್ಟು ಕಾಲ ಮಳೆನೀರು ಅದರೊಳಗೆ ಇಳಿದು ಕಪ್ಪು ರಸವಾಗಿ, ಅಂದರೆ ಲೀಚೆಟ್ ಆಗಿ, ನೆಲ ಸೇರುತ್ತಲೇ ಇರುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಮುಚ್ಚಿದ ಮೇಲೂ 15 ವರ್ಷ ನಿಗಾ ಇಡಬೇಕು ಎಂದದ್ದು ಇದಕ್ಕೇ. ಊರಿನವರೂ ಪರೀಕ್ಷೆ ಮಾಡಿಸುತ್ತಾರೆ, ಆದರೆ ಓವರ್‌ಹೆಡ್ ಟ್ಯಾಂಕಿನ ನೀರನ್ನು ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ‘ನೀರು ಸರಿಯಾಗಿದೆ’ ಎಂಬ ರಿಪೋರ್ಟ್ ಬರುತ್ತದೆ. ಆಮೇಲೆ ಯಾವ ಸಭೆಗೆ ಹೋದರೂ ಅಧಿಕಾರಿಗಳು ಅದನ್ನೇ ಎತ್ತಿ ತೋರಿಸಿ ಬಾಯಿ ಮುಚ್ಚಿಸುತ್ತಾರೆ.

1. ಬಾವಿ ಆರಿಸಿ. ಗುಡ್ಡೆಯ ತಗ್ಗಿನ ಕಡೆ ಮೂರು, ಎತ್ತರದ ಕಡೆ ಒಂದು. ಆ ಒಂದನ್ನು ಬಿಡಲೇಬೇಡಿ. ಹೋಲಿಸಲು ಬೇರೆ ನೀರಿಲ್ಲದಿದ್ದರೆ ‘ನಿಮ್ಮ ನೆಲದ ಗುಣವೇ ಹಾಗೆ’ ಎಂದು ಸಾಗಹಾಕುತ್ತಾರೆ. ನಮ್ಮದು ಕಲ್ಲುನೆಲ, ನೀರು ಬಂಡೆಯ ಬಿರುಕು ಹಿಡಿದು ಹರಿಯುತ್ತದೆ. ಹಾಗಾಗಿ ತಗ್ಗಿನಲ್ಲಿಲ್ಲದ ಬಾವಿಯ ನೀರಿನ ರುಚಿ ಬದಲಾಗಿದ್ದರೆ ಅದನ್ನೂ ಸೇರಿಸಿ. 2016ರ ನಿಯಮದ ಪ್ರಕಾರ ಗುಡ್ಡೆಯ ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆ, ಮಳೆಗಾಲ, ಮಳೆ ಮುಗಿದ ಮೇಲೆ ಪರೀಕ್ಷಿಸಬೇಕು. ದುಡ್ಡು ಕಡಿಮೆಯಿದ್ದರೆ ಬಾವಿ ಕಡಿಮೆ ಮಾಡಿ, ಸಲ ಕಡಿಮೆ ಮಾಡಬೇಡಿ.

2. ನೀರು ಹಿಡಿಯಿರಿ. ಕೆಲಸ ಕೆಡುವುದು ಇಲ್ಲೇ. ರಾತ್ರಿಯೆಲ್ಲ ಬೋರ್‌ನೊಳಗೆ ನಿಂತ ನೀರು ನೆಲದ ನೀರಲ್ಲ, ಅದನ್ನು ಮೊದಲು ಹೊರಹಾಕಬೇಕು. ಆರೂವರೆ ಇಂಚಿನ ಬೋರ್‌ನಲ್ಲಿ ಒಂದು ಮೀಟರ್ ಎತ್ತರದ ನೀರೆಂದರೆ ಸುಮಾರು 21 ಲೀಟರ್. ನೀರು 30 ಮೀಟರ್ ನಿಂತಿದ್ದರೆ 630 ಲೀಟರ್. ಅದರ ಮೂರು ಪಟ್ಟು ಹರಿಸಬೇಕೆಂಬುದು ರೂಢಿ. ಸಾವಿರ ಅಡಿ ಬೋರ್‌ಗಳಲ್ಲಿ ಇದು ಆಗದ ಮಾತು. ಅಲ್ಲಿ ಮೋಟರ್ ಓಡಿಸಿ, ಐದೈದು ನಿಮಿಷಕ್ಕೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ) ಮೀಟರ್ ಅದ್ದಿ ನೋಡಿ. ಸತತ ಮೂರು ಸಲ ಅಂಕಿ ಹೆಚ್ಚುಕಡಿಮೆ ಅಷ್ಟೇ ಬಂದ ಮೇಲೆ ಬಾಟಲಿ ಹಿಡಿಯಿರಿ. ಟ್ಯಾಂಕಿಗೆ ಹೋಗುವ ಮುಂಚೆ, ಬಾವಿಯ ಬಾಯಲ್ಲೇ.

ಬಾಟಲಿಗಳನ್ನು ಲ್ಯಾಬಿನಿಂದಲೇ ತನ್ನಿ. ಸಾಮಾನ್ಯ ಪರೀಕ್ಷೆಯ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಿರಿ. ಬ್ಯಾಕ್ಟೀರಿಯಾ ಪರೀಕ್ಷೆಯದನ್ನು ತೊಳೆಯಕೂಡದು, ಮೇಲೆ ಒಂದು ಇಂಚು ಖಾಲಿ ಬಿಡಿ. ಸೀಸದಂಥ ಲೋಹಗಳ ಬಾಟಲಿಯಲ್ಲಿ ನೈಟ್ರಿಕ್ ಆ್ಯಸಿಡ್ ಇರುತ್ತದೆ. ಕೊಳೆಯೆಂದು ಚೆಲ್ಲಿದರೆ ಪರೀಕ್ಷೆಯೇ ವ್ಯರ್ಥ. ನೀರು ಮಣ್ಣುಮಣ್ಣಾಗಿದ್ದರೆ ಸೋಸಿದ ಮೇಲೆಯೇ ಈ ಬಾಟಲಿಗೆ ಹಾಕಬೇಕು, ಇಲ್ಲವಾದರೆ ಆ್ಯಸಿಡ್ ಮಣ್ಣಿನೊಳಗಿನ ಲೋಹವನ್ನೂ ಕರಗಿಸಿ ಸುಳ್ಳು ಲೆಕ್ಕ ಕೊಡುತ್ತದೆ. ಚೀಟಿಯನ್ನು ಮುಚ್ಚಳಕ್ಕಲ್ಲ, ಬಾಟಲಿಯ ಮೈಗೆ ಅಂಟಿಸಿ; ಮುಚ್ಚಳಗಳು ಅದಲುಬದಲಾಗುತ್ತವೆ. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಇಟ್ಟು ಅದೇ ದಿನ ತಲುಪಿಸಿ.

3. ಲ್ಯಾಬಿಗೆ ಕೊಡಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಕಡೆಗೇ ಹೋಗಿ. ಟಿಡಿಎಸ್, ಕ್ಲೋರೈಡ್, ಅಮೋನಿಯಾ, ನೈಟ್ರೇಟ್, ಸಿಒಡಿ (ನೀರಿನಲ್ಲಿನ ಸಾವಯವ ಕೊಳೆಯ ಅಳತೆ), ಕಬ್ಬಿಣ, ಸೀಸ, ಬ್ಯಾಕ್ಟೀರಿಯಾ ಎಂದು ಹೆಸರು ಹೇಳಿ ಬರೆಸಿ. ‘ಜನರಲ್ ಟೆಸ್ಟ್’ ಎಂದರೆ ಅಮೋನಿಯಾ, ಸಿಒಡಿ ಬಿಟ್ಟುಹೋಗಬಹುದು.

ಇಲ್ಲೊಂದು ಮಾತು. ಆರ್‌ಒ ಮಾರುವವರು ಲೋಟದ ನೀರಿಗೆ ಲೋಹದ ಕಡ್ಡಿ ಅದ್ದಿ, ಕರೆಂಟ್ ಕೊಟ್ಟು ನೀರನ್ನು ಕಂದು ಮಾಡಿ ತೋರಿಸುತ್ತಾರಲ್ಲ, ಅದು ಕರಗಿದ ಕಬ್ಬಿಣದ ಕಡ್ಡಿಯ ಬಣ್ಣ. ನೀರಿನ ಕೊಳೆಯಲ್ಲ. ಇನ್ನು ಅಗ್ಗದ ಟಿಡಿಎಸ್ ಪೆನ್ನು ಏರಿಳಿತ ನೋಡಲು ಸಾಕು. ಅದಕ್ಕೆ ಸೀಸವೂ ತಿಳಿಯದು, ಬ್ಯಾಕ್ಟೀರಿಯಾವೂ ತಿಳಿಯದು.

4. ರಿಪೋರ್ಟ್ ಓದಿ. ಐಎಸ್ 10500 ಎಂಬ ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ನೈಟ್ರೇಟ್ 45, ಅಮೋನಿಯಾ 0.5, ಸೀಸ 0.01 ಮಿಲಿಗ್ರಾಂ ದಾಟಬಾರದು. ಕ್ಲೋರೈಡ್ 250ರೊಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ. ನೈಟ್ರೇಟ್ ಒಂದೇ ಹೆಚ್ಚಿದೆ ಎಂದು ಗುಡ್ಡೆಯ ಮೇಲೆ ಹರಿಹಾಯಬೇಡಿ. ತಿಪ್ಪೆ, ಯೂರಿಯಾ, ಶೌಚದ ಗುಂಡಿಯಿಂದಲೂ ಅದು ಬರುತ್ತದೆ. ಲೀಚೆಟ್‌ನಲ್ಲಿ ಸಾರಜನಕ ಹೆಚ್ಚಾಗಿ ಅಮೋನಿಯಾ ರೂಪದಲ್ಲೇ ಇರುತ್ತದೆ. ಎತ್ತರದ ಬಾವಿ ಹಾಗೇ ಇದ್ದು, ತಗ್ಗಿನ ಬಾವಿಗಳಲ್ಲಿ ಕ್ಲೋರೈಡ್, ಅಮೋನಿಯಾ, ಸಿಒಡಿ ಒಟ್ಟಿಗೆ ಏರುತ್ತಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ.

5. ಗ್ಯಾಸ್ ಅಳೆಯಿರಿ. ಕಸದ ಗ್ಯಾಸಿನಲ್ಲಿ ಸರಿಸುಮಾರು ಅರ್ಧ ಮಿಥೇನ್, ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಮಿಥೇನ್‌ಗೆ ವಾಸನೆಯಿಲ್ಲ. ವಾಸನೆ ಹೈಡ್ರೋಜನ್ ಸಲ್ಫೈಡ್‌ನಂಥವುಗಳದು. ಅದು ಅತಿಯಾದರೆ ಮೂಗೇ ಸತ್ತುಹೋಗುತ್ತದೆ, ಆದ್ದರಿಂದ ಮೂಗನ್ನು ನಂಬಬೇಡಿ. ಗುಡ್ಡೆ ಅಗೆಯುವುದು, ಹಳೆ ಬಾವಿಗೆ ಇಳಿಯುವುದು ಬೇಡವೇ ಬೇಡ. ಪಂಪ್‌ಹೌಸ್, ಮುಚ್ಚಿದ ಚೇಂಬರ್, ಬಾವಿಯ ಬಾಯಿ, ಇಷ್ಟನ್ನು ಹೊರಗೆ ನಿಂತು ಗ್ಯಾಸ್ ಡಿಟೆಕ್ಟರ್‌ನ ಪೈಪ್ ತೂರಿಸಿ ಅಳೆದರೆ ಸಾಕು. ಮೋಡ ಕವಿದು ವಾಯುಭಾರ ಕುಸಿದ ದಿನ ನೆಲದ ಗ್ಯಾಸ್ ಹೆಚ್ಚು ಹೊರಬರುತ್ತದೆ. ಬಿಸಿಲು ಹೊಡೆಯುವ ದಿನ ಅಳೆದು ‘ಏನೂ ಇಲ್ಲ’ ಎನ್ನುವುದು ಸಲ್ಲದು.

ಡಿಟೆಕ್ಟರ್ ಬಾಡಿಗೆಗೆ ತಂದರೆ ಇನ್‌ಫ್ರಾರೆಡ್ ಸೆನ್ಸರ್ ಇರುವುದನ್ನೇ ಕೇಳಿ. ಅಗ್ಗದ ಸೆನ್ಸರ್‌ಗಳಿಗೆ ಆಮ್ಲಜನಕ ಬೇಕು. ಅದಿಲ್ಲದ ಕಡೆ ಗ್ಯಾಸ್ ತುಂಬಿದ್ದರೂ ಸೊನ್ನೆಯ ಹತ್ತಿರವೇ ತೋರಿಸಬಹುದು. ತೆರೆಯಲ್ಲಿ ‘ಎಲ್‌ಇಎಲ್ 20’ ಎಂದು ಬಂದರೆ ಅದು ಶೇ 20 ಮಿಥೇನ್ ಅಲ್ಲ. ಎಲ್‌ಇಎಲ್ ಎಂದರೆ ಗ್ಯಾಸ್ ಹೊತ್ತಿಕೊಳ್ಳುವ ಕನಿಷ್ಠ ಮಟ್ಟ, ಅದರ ನೂರಕ್ಕೆ ಎಷ್ಟು ಎಂಬುದೇ ಈ ಅಂಕಿ. ಗಾಳಿಯಲ್ಲಿ ಶೇ 5 ಮಿಥೇನ್ ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ, ಆ ಶೇ 5 ಎಂದರೆ ಎಲ್‌ಇಎಲ್ 100. 2016ರ ನಿಯಮದ ಮಿತಿ ಎಲ್‌ಇಎಲ್ 25, ಅಂದರೆ ಶೇ 1.25 ಮಿಥೇನ್. ಪಂಪ್‌ಹೌಸ್‌ನಲ್ಲಿ ಅದು ದಾಟಿದ್ದರೆ ಸ್ವಿಚ್ ಮುಟ್ಟಬೇಡಿ. ಮೋಟರ್ ಓಡುತ್ತಿದ್ದರೂ ಆಫ್ ಮಾಡಲು ಹೋಗಬೇಡಿ. ಜನರನ್ನು ದೂರ ಕಳಿಸಿ, ನೀವೂ ದೂರ ಬಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.