ಹುಳುಕಡ್ಡಿಗೆ ಯಾವ ಕ್ರೀಮ್, ಹಚ್ಚೋದು ಹೇಗೆ?

ಹೆಸರು ಹುಳುಕಡ್ಡಿ ಅಂತಿದ್ರೂ ಅದ್ರಲ್ಲಿ ಹುಳ ಇರಲ್ಲ, ಅದು ಫಂಗಸ್. ನನ್ನ ತಮ್ಮ ಒಂದೂವರೆ ತಿಂಗಳಲ್ಲಿ ಮೂರು ಟ್ಯೂಬ್ ಖಾಲಿ ಮಾಡಿದ, ತೊಡೆ ಮೇಲಿದ್ದ ಉಂಗುರ ಒಂದಿದ್ದಿದ್ದು ನಾಲ್ಕಾಯ್ತು. ಆಮೇಲೆ ನೋಡಿದ್ರೆ ಮೂರರಲ್ಲೂ ಸ್ಟೀರಾಯ್ಡ್!

ಅದಕ್ಕೇ ಮೊದಲು ಟ್ಯೂಬ್ ಮೇಲಿನ ಸಣ್ಣಕ್ಷರ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಂತಿದ್ರೆ ವಾಪಸ್ ಇಡಿ, ಅವು ಸ್ಟೀರಾಯ್ಡ್. ಎರಡೇ ದಿನಕ್ಕೆ ನವೆ ನಿಲ್ಲುತ್ತೆ, ಕೆಂಪು ಇಳಿಯುತ್ತೆ, ಫಂಗಸ್ ಮಾತ್ರ ಆರಾಮಾಗಿ ಹರಡ್ತಿರುತ್ತೆ, ಉಂಗುರದ ಆಕಾರನೇ ಮಾಸಿ ಡಾಕ್ಟರ್‌ಗೂ ಗುರುತು ಹಿಡಿಯೋದು ಕಷ್ಟ ಆಗುತ್ತೆ. 'ಎಲ್ಲದಕ್ಕೂ ಒಂದೇ' ಅನ್ನೋ ಮಿಕ್ಸ್ ಕ್ರೀಮ್‌ಗಳ ಸಹವಾಸವೇ ಬೇಡ.

ಇನ್ನು ಆಯ್ಕೆ. ಟರ್ಬಿನಾಫಿನ್ 1% ಫಂಗಸ್‌ನ ಕೊಲ್ಲುತ್ತೆ, ಸಾಮಾನ್ಯವಾಗಿ 1-2 ವಾರ ಸಾಕು. ಕ್ಲೋಟ್ರಿಮಜೋಲ್ 1%, ಮೈಕೊನಜೋಲ್ 2% ಮುಖ್ಯವಾಗಿ ಬೆಳೆಯೋದನ್ನ ತಡೆಯುತ್ತವೆ, ಹಾಗಾಗಿ ದಿನಕ್ಕೆರಡು ಸಲ 2-4 ವಾರ ಹಚ್ಚಬೇಕು. ಲುಲಿಕೊನಜೋಲ್ 1% ದಿನಕ್ಕೊಂದೇ ಸಲ, ಮರೆಗುಳಿಗಳಿಗೆ ಅದೇ ವಾಸಿ. ನಿಸ್ಟಾಟಿನ್ ಹಚ್ಚಿ ಪ್ರಯೋಜನ ಇಲ್ಲ, ಅದು ಕ್ಯಾಂಡಿಡಾ ಅನ್ನೋ ಬೇರೆ ಜಾತಿ ಫಂಗಸ್‌ಗೆ. ನನ್ನ ಓಟು ಟರ್ಬಿನಾಫಿನ್‌ಗೆ, ಆದ್ರೆ ಈಗೀಗ ಅದಕ್ಕೂ ಬಗ್ಗದ ಫಂಗಸ್ ಇದೆ, ಎರಡು ವಾರ ಸರಿಯಾಗಿ ಹಚ್ಚಿಯೂ ಜಗ್ಗಲಿಲ್ಲ ಅಂದ್ರೆ ಚರ್ಮದ ಡಾಕ್ಟರ್ ಹತ್ರ ಹೋಗಿ.

ಎಲ್ಲರೂ ಎಡವೋದು ಹಚ್ಚೋದ್ರಲ್ಲೇ. ತೊಳೆದು, ಬೇರೆ ಟವೆಲ್‌ನಲ್ಲಿ ಪೂರ್ತಿ ಒಣಗಿಸಿ, ಪಸೆ ಇರೋ ಚರ್ಮ ಅಂದ್ರೆ ಫಂಗಸ್‌ಗೆ ಹಬ್ಬ. ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಕ್ರೀಮ್ ಹಿಂಡಿದ್ರೆ ಸುಮಾರು ಅರ್ಧ ಗ್ರಾಂ, ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಜನ ಉಂಗುರದ ನಡುಮಧ್ಯೆ ಬೊಟ್ಟಿಟ್ಟ ಹಾಗೆ ಇಟ್ಟು ಉಜ್ಜುತಾರೆ, ಅಲ್ಲಿ ಆಗಲೇ ವಾಸಿ ಆಗ್ತಾ ಬಂದಿರುತ್ತೆ ಮಾರಾಯ್ರೇ, ಫಂಗಸ್ ಜೋರಾಗಿರೋದು ಉಬ್ಬಿದ ಕೆಂಪು ಅಂಚಲ್ಲಿ! ಅಂಚಿನಿಂದ 2 ಸೆಂ.ಮೀ. ಆಚೆ, ಚೆನ್ನಾಗಿ ಕಾಣೋ ಚರ್ಮದಿಂದಲೇ ಶುರು ಮಾಡಿ ಒಳಗೆ ಬನ್ನಿ. ತೆಳ್ಳಗೆ. ಆಮೇಲೆ ಕೈ ತೊಳೀರಿ.

ಬಟ್ಟೆ ದಿನಾ ಬದಲಿಸಿ, ಬಿಸಿನೀರಲ್ಲಿ ಒಗೆಯಿರಿ. ತಲೆಗೂದಲಲ್ಲಿ ಬಂದಿದ್ರೆ ಕ್ರೀಮ್ ಸಾಕಾಗಲ್ಲ, ಮಾತ್ರೆನೇ ಬೇಕು.

ಮಾಯ ಆಯ್ತು ಅಂತ ಅನಿಸಿದ ದಿನವೇ ನಿಲ್ಲಿಸಬೇಡಿ, ಇನ್ನೊಂದು ವಾರ ಹಚ್ಚಿ. ಆಮೇಲೂ ಕಂದು ಕಲೆ ಉಳಿದ್ರೆ ಬೆರಳಾಡಿಸಿ ನೋಡಿ: ಅಂಚು ಉಬ್ಬಿಲ್ಲ, ಹೊಟ್ಟು ಏಳ್ತಿಲ್ಲ, ನವೆನೂ ಇಲ್ಲ ಅಂದ್ರೆ ಅದು ಬರೀ ಕಲೆ, ತಿಂಗಳುಗಟ್ಟಲೆ ಇದ್ದು ನಿಧಾನಕ್ಕೆ ಹೋಗುತ್ತೆ, ಅದಕ್ಕೆ ಇನ್ನೊಂದು ಟ್ಯೂಬ್ ತರಬೇಡಿ.