ಕಾರಿನ ಕವರ್: ಗೀರು ಬೀಳದ ಹಾಗೆ ನಾನು ಬಳಸುವ ರೀತಿ

ಕವರ್ ಹಾಕಿದರೆ ಪೇಂಟ್ ಹಾಳಾಗುತ್ತೆ ಅನ್ನುವವರು ಬಹಳ ಜನ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಗೀರುವುದು ಬಟ್ಟೆಯಲ್ಲ, ಬಟ್ಟೆಗೂ ಪೇಂಟಿಗೂ ನಡುವೆ ಸಿಕ್ಕಿಕೊಂಡ ಧೂಳು. ನನ್ನದು ಕಪ್ಪು ಕಾರು. ಸಣ್ಣ ಗೀರು ಬಿದ್ದರೂ ಬಿಸಿಲಿಗೆ ಎದ್ದು ಕಾಣುತ್ತದೆ. ಹಾಗಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಮಡಿವಂತ.

ಪೇಂಟಿನ ಮೇಲೆ ಹೊಳಪು ಕೊಡುವ ಕ್ಲಿಯರ್‌ಕೋಟ್ ಇರುತ್ತದಲ್ಲ, ಅದರ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್ ಅಷ್ಟೇ. ಅಂದರೆ ಒಂದು ಮಿಲಿಮೀಟರನ್ನು ಇಪ್ಪತ್ತು ಪಾಲು ಮಾಡಿದರೆ ಅದರಲ್ಲಿ ಹೆಚ್ಚೆಂದರೆ ಒಂದು ಪಾಲು. ಪಾಲಿಶ್ ಹಾಕಿಸಿ ಗೀರು ತೆಗೆಸಿದಾಗಲೆಲ್ಲ ಈ ಪದರವೇ ಒಂದಿಷ್ಟು ಸವೆಯುತ್ತದೆ. ಆಮೇಲೆ ಅದು ಮತ್ತೆ ಬೆಳೆಯುವುದಿಲ್ಲ.

ಅದಕ್ಕೇ ನನ್ನದೊಂದು ಗಟ್ಟಿ ನಿಯಮ: ಕಾರು ಧೂಳಾಗಿದ್ದರೆ ಕವರ್ ಬೇಡ. ತೊಳೆಯಲು ಪುರುಸೊತ್ತಿಲ್ಲದ ದಿನ ಕಾರು ಹಾಗೇ ನಿಲ್ಲಲಿ. ಮೇಲೆ ಕೂತ ಧೂಳು ತನ್ನಷ್ಟಕ್ಕೆ ಗೀರುವುದಿಲ್ಲ, ಅದರ ಮೇಲೆ ಬಟ್ಟೆ ಎಳೆದಾಗಲೇ ತೊಂದರೆ. ಒಣಬಟ್ಟೆಯಲ್ಲಿ ಗಡಿಬಿಡಿಯಿಂದ ಒರೆಸಿ ಕವರ್ ಹಾಕುವುದೂ ಅಷ್ಟೇ ಕೆಟ್ಟದ್ದು. ಕಾರ್ ಶಾಂಪೂ ಹಾಕಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒಣಗಿಸಿ, ಬಾಗಿಲ ಸಂದಿ ಮತ್ತು ಕನ್ನಡಿಯಿಂದ ಇಳಿಯುವ ನೀರು ನಿಂತ ಮೇಲೆ ಕವರ್. ಆಗಾಗ ವ್ಯಾಕ್ಸ್ ಹಚ್ಚುತ್ತೇನೆ. ಮೇಲ್ಮೈ ಜಾರುತ್ತಿದ್ದರೆ ಬಟ್ಟೆ ಉಜ್ಜುವುದು ಕಡಿಮೆ.

ಕವರ್ ಕೊಳ್ಳುವಾಗ ನಾನು ಮೊದಲು ನೋಡುವುದು ಒಳಮೈ. ಅದು ಮೆತ್ತಗಿರಬೇಕು, ಹೊಲಿಗೆ ಕೈಗೆ ಒರಟಾಗಿ ತಾಗಬಾರದು. ಆಮೇಲೆ ಅಳತೆ. ದೊಗಲೆ ಕವರ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ. ಬಂಪರಿನ ಅಂಚು, ಬಾಗಿಲ ಹಿಡಿ, ಕನ್ನಡಿಯ ತುದಿ, ಹೀಗೆ ಉಬ್ಬಿದ ಕಡೆಯಲ್ಲೆಲ್ಲ ಇಡೀ ರಾತ್ರಿ ಉಜ್ಜುತ್ತಲೇ ಇರುತ್ತದೆ. ನಿಮ್ಮ ಮಾಡೆಲ್‌ಗೇ ಹೊಲಿದದ್ದು, ಕನ್ನಡಿಗೆ ಜೇಬು, ಹೊಟ್ಟೆಯ ಕೆಳಗೆ ಕಟ್ಟಲು ಪಟ್ಟಿ ಇರುವುದು ಒಳ್ಳೆಯದು. ಪಟ್ಟಿಯ ಬಕಲ್ ಪ್ಲಾಸ್ಟಿಕ್‌ದಾಗಿರಲಿ. ಕಟ್ಟುವಾಗ ಅದನ್ನು ಕಾರಿನಡಿ ಬೀಸಿ ಎಸೆಯಬೇಡಿ, ಆಚೆ ಬದಿಯ ಬಾಗಿಲಿಗೆ ಹೋಗಿ ಬಡಿಯುತ್ತದೆ. ಕವರ್ ಕಟ್ಟಿದ್ದರೂ ಜೋರು ಗಾಳಿ ಬರುವ ಸೂಚನೆ ಕಂಡರೆ ತೆಗೆದುಬಿಡುತ್ತೇನೆ.

ಬರೀ ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ. ನೆಲದ ತೇವ ಮೇಲೆದ್ದು ಒಳಗೇ ಹನಿಗಟ್ಟುತ್ತದೆ. ದಿನಗಟ್ಟಲೆ ಹಾಗೇ ಬಿಟ್ಟರೆ ಪೇಂಟಿನ ಮೇಲೆ ಕಲೆ ಕೂರುತ್ತದೆ. ನೀರನ್ನು ಒಳಗೆ ಬಿಡದೆ ಆವಿಯನ್ನು ಹೊರಗೆ ಬಿಡುವ ಬಟ್ಟೆಯೇ ಬೇಕು. ಅಂಥದ್ದಿದ್ದರೂ ಮಳೆ ನಿಂತ ಮೇಲೆ ಕವರ್ ತೆಗೆದು ಎರಡನ್ನೂ ಒಣಗಿಸುತ್ತೇನೆ.

ಹಾಕುವ, ತೆಗೆಯುವ ರೀತಿಯಲ್ಲೇ ಮುಕ್ಕಾಲು ಕೆಲಸ ಇದೆ. ತೆಗೆಯುವಾಗ ಎರಡೂ ಪಕ್ಕಗಳನ್ನು ಮಡಚಿ ಛಾವಣಿಯ ಮೇಲೆ ತರುತ್ತೇನೆ. ಕಾರಿನ ಉದ್ದಕ್ಕೂ ಒಂದು ಪಟ್ಟಿಯ ಹಾಗಾಗುತ್ತದೆ. ಅದನ್ನು ಹಿಂದಿನಿಂದ ಮುಂದಕ್ಕೆ ಮಡಚುತ್ತಾ ಬಂದು ಎತ್ತಿಕೊಳ್ಳುತ್ತೇನೆ. ಹಾಕುವಾಗ ಬಾನೆಟ್ ಮೇಲಿಟ್ಟು ಹಿಂದಕ್ಕೆ ಬಿಚ್ಚುತ್ತಾ ಹೋಗಿ, ಕೊನೆಗೆ ಪಕ್ಕ ಇಳಿಸಿದರೆ ಆಯಿತು. ಎಲ್ಲೂ ಎಳೆಯುವ ಮಾತೇ ಇಲ್ಲ. ಇಬ್ಬರಿದ್ದರೆ ಇನ್ನೂ ಸುಲಭ. ಮುಂದು ಯಾವುದು, ಹಿಂದು ಯಾವುದು ಅಂತ ಅಂಚಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಕಾರಿನ ಮೇಲೇ ತಿರುಗಿಸಿ ಹುಡುಕಬೇಕಾಗುತ್ತದೆ. ಮಡಚಿದ ಕವರನ್ನು ನೆಲಕ್ಕೆ ಇಡುವುದಿಲ್ಲ, ನೇರವಾಗಿ ಚೀಲಕ್ಕೆ. ಒಳಮೈಗೆ ಒಂದು ಚೂರು ಮರಳು ಅಂಟಿದರೂ ತೊಳೆದದ್ದೆಲ್ಲ ದಂಡ, ಅಲ್ವಾ?

ಕವರನ್ನೂ ಒಗೆಯಬೇಕು. ಇದು ಎಷ್ಟೋ ಜನರ ಲೆಕ್ಕದಲ್ಲೇ ಇರುವುದಿಲ್ಲ. ಲೇಬಲ್ ಮೇಲೆ ಬರೆದಿರುವ ಹಾಗೆ ಒಗೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಮೆತ್ತಗಾಗಲಿ ಅಂತ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ.

ಹೊಸದಾಗಿ ಪೇಂಟ್ ಮಾಡಿಸಿದ್ದರೆ ಕವರ್ ಯಾವಾಗ ಹಾಕಬಹುದು ಅಂತ ಪೇಂಟ್ ಮಾಡಿದವರನ್ನೇ ಕೇಳಿ. ಪೇಂಟ್ ಒಳಗಿನಿಂದ ಗಟ್ಟಿಯಾಗಲು ವಾರಗಳೇ ಬೇಕಾಗುತ್ತದೆ. ಇನ್ನು ಸೂರಿನಡಿ ನಿಲ್ಲಿಸಿ, ದಿನಾ ಓಡಿಸುವ ಕಾರಿಗೆ ಕವರ್ ಬೇಕೇ? ನಾನಂತೂ ಹಾಕುವುದಿಲ್ಲ. ಬಿಸಿಲಲ್ಲೋ ಮರದ ಕೆಳಗೋ ವಾರಗಟ್ಟಲೆ ನಿಲ್ಲಬೇಕಾದಾಗ ಮಾತ್ರ ಕವರನ್ನು ಚೀಲದಿಂದ ಹೊರಗೆ ತೆಗೆಯುತ್ತೇನೆ.