ತೋಡಿನ ಮೀನನ್ನು ಹಿಡಿಯದೆ ಲೆಕ್ಕ ಇಡುವುದು ಹೇಗೆ

ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ಹೊತ್ತು) ಕಳೆದು ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ನಮ್ಮ ಹೆಬ್ರಿ ಕಡೆ ಜನ ಟಾರ್ಚು, ಕತ್ತಿ, ಮೀನು ಹಿಡಿಯುವ ಕೂಳಿ ಹಿಡಿದು ಗದ್ದೆಗೆ ಇಳಿಯುತ್ತಾರೆ. ಉಬರ್ ಮೀನು ಹತ್ತುವ ಹೊತ್ತು ಅದು. ಹೊಳೆಯಿಂದ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ತೋಡಿನಿಂದ ಗದ್ದೆಗೆ ಮೀನು ಏರಿ ಬರುವುದು ಮೊಟ್ಟೆ ಇಡಲಿಕ್ಕೆ. ಚಿಕ್ಕವಳಿದ್ದಾಗ ನಾನೂ ಅಪ್ಪನ ಹಿಂದೆ ಬುಟ್ಟಿ ಹಿಡಿದು ಓಡಿದವಳೇ. ಹನ್ನೊಂದು ವರ್ಷದಿಂದ ಅದೇ ತೋಡಿನ ಬದಿಯಲ್ಲಿ ನೋಟ್‌ಬುಕ್ ಹಿಡಿದು ನಿಲ್ಲುತ್ತಿದ್ದೇನೆ. ನಮ್ಮ ತೋಡು ಸೀತಾನದಿಗೆ ಸೇರುತ್ತದೆ. ನಿಮ್ಮದು ಸ್ವರ್ಣೆಗೋ ಶಾಂಭವಿಗೋ ಸೇರಬಹುದು, ಕ್ರಮ ಒಂದೇ.

ಮೊದಲು ಜಾಗ ಆರಿಸಿಕೊಳ್ಳಿ. ಐವತ್ತು ಹೆಜ್ಜೆಯೊಳಗೆ ಮೂರು ಬಗೆಯ ನೀರು ಸಿಗಬೇಕು: ಕಲ್ಲಿನ ಮೇಲೆ ಸದ್ದು ಮಾಡುತ್ತ ಹರಿಯುವ ನೀರು, ತುಳುವಿನಲ್ಲಿ ಕಯ ಅನ್ನುವ ಆಳದ ಗುಂಡಿ, ಕೇದಗೆ ಬೇರು ಇಳಿಬಿದ್ದಿರುವ ಅಂಚು. ಮೂರರಲ್ಲೂ ವಾಸ ಬೇರೆ ಬೇರೆ ಮೀನಿನದು. ಗುಂಡಿ ಮಾತ್ರ ನೋಡಿದರೆ ಹೊಳೆಯ ಅರ್ಧ ಸುದ್ದಿಯೂ ಸಿಗುವುದಿಲ್ಲ. ಜಾಗ ಸೋಮೇಶ್ವರ ವನ್ಯಜೀವಿಧಾಮದೊಳಗೆ ಬರುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಇಳಿಯಿರಿ.

ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಹೋಗಿ. ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು. ಬಂದ ಕೂಡಲೇ ಎಣಿಸಬೇಡಿ. ಐದು ನಿಮಿಷ ಅಲ್ಲಾಡದೆ ನಿಂತರೆ ಓಡಿಹೋದ ಮೀನು ತಿರುಗಿ ಬರುತ್ತದೆ, ಆಮೇಲೆ ಹತ್ತು ನಿಮಿಷ ನೋಡಿ. ಹಳೆಯ ಬಕೆಟ್ಟಿನ ತಳ ಕೊಯ್ದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ರಬ್ಬರ್ ಟ್ಯೂಬಿನಿಂದ ಬಿಗಿದು ಕಟ್ಟಿದರೆ ನೀರಿನೊಳಗೆ ನೋಡುವ ಕನ್ನಡಿ ಸಿದ್ಧ. ಮಳೆಗಾಲದ ಕೆಂಪು ನೀರಿಗೆ ಇಳಿಯುವುದೇ ಬೇಡ. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ನಾನು ಸಂಕದ, ಅಂದರೆ ಕಾಲುಸೇತುವೆಯ, ಮೇಲೆ ನಿಂತು ನೀರಿನ ಮಟ್ಟ ಮಾತ್ರ ಬರೆಯುತ್ತೇನೆ.

ಐದು ಬಗೆಯ ಮೀನನ್ನು ಗುರುತಿಸಲು ಕಲಿತರೆ ಶುರು ಮಾಡಬಹುದು. ನೀರಿನ ಮೇಲ್ಪದರದಲ್ಲೇ ನಿಂತು, ತಲೆಯ ಮೇಲೆ ಹೊಳೆಯುವ ಚುಕ್ಕೆ ತೋರಿಸುವುದು ಪಾಂಚಾಕ್ಸ್, ಸೊಳ್ಳೆಮರಿ ತಿನ್ನುತ್ತದೆ. ನೀಲಿ ಮೈಮೇಲೆ ಹಳದಿ ಗೆರೆ ಇರುವ, ಒಂದು ಕ್ಷಣ ನಿಲ್ಲದ ಗುಂಪು ಮಲಬಾರ್ ಡಾನಿಯೊ. ಬಾಲದ ಹತ್ತಿರ ದೊಡ್ಡ ಕಪ್ಪು ಬೊಟ್ಟಿರುವುದು ಫಿಲಮೆಂಟ್ ಬಾರ್ಬ್. ಅದರ ಗಂಡಿನ ಬೆನ್ನಿನ ರೆಕ್ಕೆಯಿಂದ ನೂಲಿನಂತೆ ಎಳೆಗಳು ಹೊರಟಿರುತ್ತವೆ. ಇನ್ನೆರಡನ್ನು ಹರಿವಿನಲ್ಲೇ ಹುಡುಕಬೇಕು: ಗದ್ದದ ಕೆಳಗಿನ ಬಿಲ್ಲೆಯಿಂದ ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆಯುವ ಗಾರಾ, ಕಲ್ಲಿನ ಸಂದಿಯಲ್ಲಿ ಅಡಗುವ ಬೆರಳುದ್ದದ ಪಟ್ಟೆಪಟ್ಟೆ ಲೋಚ್. ನನ್ನ ನೋಟ್‌ಬುಕ್ಕಿನಲ್ಲಿ ಇವೆರಡರ ಸಾಲನ್ನೇ ನಾನು ಮೊದಲು ನೋಡುವುದು. ಹರಿವು ನಿಂತರೆ ಮೊದಲು ಕಾಣೆಯಾಗುವುದು ಇವೇ.

ಜೊತೆಗೆ ಎರಡು ಅಳತೆ ಬೇಕು. ಹತ್ತು ಮೀಟರ್ ಗುರುತು ಮಾಡಿ ಒಂದು ಲಿಂಬೆಹಣ್ಣು ತೇಲಿಬಿಟ್ಟು ಎಷ್ಟು ಸೆಕೆಂಡಿಗೆ ದಾಟಿತು ಬರೆಯಿರಿ. ಥರ್ಮಾಮೀಟರನ್ನು ನೆರಳಿರುವ ಕಡೆ ಮೊಣಕೈ ಆಳಕ್ಕೆ ಹಿಡಿದು ಉಷ್ಣತೆ ಬರೆಯಿರಿ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಗೆ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಹೊಳೆಬದಿಯ ಹೊನ್ನೆ, ನೇರಳೆ ಕಡಿದರೆ ನೆರಳು ಹೋಗಿ ನೀರು ಬಿಸಿಯಾಗಿ ಮೀನಿನ ಉಸಿರಿಗೇ ಪೆಟ್ಟು ಅನ್ನುವುದು ಈ ಲೆಕ್ಕದಿಂದ.

ಇನ್ನು ಕಿಂಡಿ ಅಣೆಕಟ್ಟಿನ ವಿಷಯ. ನವೆಂಬರ್ ಹೊತ್ತಿಗೆ ಅದರ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ. ಸುಗ್ಗಿ ಬೆಳೆಗೂ ಅಡಿಕೆಗೂ ನೀರು ಬೇಕು, ನನಗೂ ಬೇಕು, ಬಾವಿಯ ನೀರೂ ಏರುತ್ತದೆ. ಆದರೆ ಹಲಗೆ ಹಾಕುವ ಮೊದಲು ಒಮ್ಮೆ, ಹಾಕಿ ತಿಂಗಳಾದ ಮೇಲೆ ಒಮ್ಮೆ, ಮೇಲ್ಗಡೆ ಕೆಳಗಡೆ ಎರಡೂ ಕಡೆ ನೋಡಲೇಬೇಕು. ನಮ್ಮಲ್ಲಿ ಮೇಲ್ಗಡೆ ಕಲ್ಲೆಲ್ಲ ಹೂಳಿನಡಿ ಹೋಗಿ ಗಾರಾ ಇಲ್ಲವಾಯಿತು, ಆ ಜಾಗಕ್ಕೆ ತಿಲಾಪಿಯಾ ಬಂತು. 1952ರಲ್ಲಿ ಭಾರತಕ್ಕೆ ತಂದ ಮೀನು ಅದು. ತಾಯಿ ಬಾಯಲ್ಲೇ ಮೊಟ್ಟೆ ಮರಿ ಕಾಪಾಡುತ್ತದೆ, ನಿಂತ ನೀರು ಅದಕ್ಕೆ ಹಬ್ಬ. ತೋಟಕ್ಕೆ ಬರುವ ಅಣ್ಣ ಒಬ್ಬರು ಒಂದು ದಿನ ಹೇಳಿದರು, "ಮೀನು ಉಂಟಕ್ಕಾ, ಆದರೆ ನಮ್ಮ ಮೀನಲ್ಲ." ನಾನು ಆವತ್ತಿನಿಂದ ಒಟ್ಟು ಸಂಖ್ಯೆ ಬರೆಯುವುದನ್ನು ಬಿಟ್ಟು ಜಾತಿಗೊಂದು ಸಾಲು ಹಾಕಿದೆ.

ಆಫ್ರಿಕನ್ ಮುಗುಡು ಕಂಡರೆ ಬೇರೆಯೇ ಬರೆದು ಮೀನುಗಾರಿಕೆ ಇಲಾಖೆಗೆ ತಿಳಿಸಿ, ಅದರ ಸಾಕಣೆ ನಿಷೇಧವಾಗಿದೆ. ಮನೆಯ ಅಕ್ವೇರಿಯಂ ಮೀನನ್ನು, ಸೊಳ್ಳೆಗೆಂದು ಕೊಟ್ಟ ಗಪ್ಪಿಯನ್ನು ತೋಡಿಗೆ ಬಿಡಬೇಡಿ. ಸೊಳ್ಳೆಮರಿಗೆ ನಮ್ಮ ಪಾಂಚಾಕ್ಸ್ ಅಲ್ಲೇ ಇದೆ.

ಒಂದು ಮಾತು ತೋಟದವರಿಗೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ನಮಗೆ ಉಪಾಯವಿಲ್ಲ: ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಒಂದು ವರ್ಷ ಮಳೆ ಬಿಟ್ಟ ಮಧ್ಯಾಹ್ನ ನಾನೇ ಡ್ರಮ್ಮನ್ನು ತೋಡಿನಲ್ಲಿ ತೊಳೆದೆ. ಸಂಜೆಗೆ ಡಾನಿಯೊಗಳು ಹೊಟ್ಟೆ ಮೇಲೆ ಮಾಡಿ ಕೇದಗೆ ಬೇರಿಗೆ ಸಿಕ್ಕಿಕೊಂಡಿದ್ದವು. ನಾನು ಅಲ್ಲೇ ಕುಳಿತು ಅತ್ತಿದ್ದೇನೆ. ನಮ್ಮ ಮುರಕಲ್ಲು ನೆಲದ ಮೆದು ನೀರಿನಲ್ಲಿ ತಾಮ್ರದ ವಿಷ ಹೆಚ್ಚು ತೀಕ್ಷ್ಣ. ಡ್ರಮ್ಮು, ಪಂಪು, ಪೈಪು ತೊಳೆದ ನೀರನ್ನು ತೋಡಿನಿಂದ ದೂರ, ತೋಟದೊಳಗೇ ಗುಂಡಿ ತೋಡಿ ಬಿಡಿ. ಹೊಡೆದ ದಿನಾಂಕವನ್ನೂ ಮೀನಿನ ಲೆಕ್ಕದ ಪಕ್ಕದಲ್ಲಿ ಬರೆಯಿರಿ.

ಮೇ ತಿಂಗಳಲ್ಲಿ ತೋಡು ಕಡಿದು ಗುಂಡಿಗುಂಡಿಯಾದಾಗ ಉಳಿದ ಮೀನೆಲ್ಲ ಅಲ್ಲಿ ಸೇರಿರುತ್ತದೆ. ಮುಂದಿನ ವರ್ಷದ ಬೀಜ ಅದು. ಅಲ್ಲಿ ಪಂಪ್ ಇಟ್ಟು ಪೂರ್ತಿ ಬತ್ತಿಸುವವರು, ಬ್ಲೀಚಿಂಗ್ ಪುಡಿ ಹಾಕುವವರು ಇದ್ದರೆ ಹೋಗಿ ಮಾತಾಡಿ, ಜಗಳವಾದರೂ ಆಗಲಿ.

ಹಲಗೆ ತೆಗೆಯುವವರನ್ನು ಪತ್ತನಾಜೆಗೆ ಮೊದಲೇ ಭೇಟಿ ಮಾಡಿ. ಮೊದಲ ಮಳೆಗೆ ಹಲಗೆ ಇನ್ನೂ ಅಲ್ಲೇ ಇದ್ದರೆ ಹತ್ತಿ ಬಂದ ಮೀನು ಅದಕ್ಕೆ ಮೂಗು ತಿಕ್ಕಿಕೊಂಡು ನಿಲ್ಲುತ್ತದೆ, ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು. ನಮ್ಮೂರಲ್ಲಿ ಈಗ ಎರಡು ವರ್ಷದಿಂದ ಮಳೆಗೆ ಮುಂಚೆಯೇ ತೆಗೆಯುತ್ತಿದ್ದಾರೆ. ಕಳೆದ ಡಿಸೆಂಬರಿನಲ್ಲಿ ಕಟ್ಟದ ಕೆಳಗಿನ ಹರಿವಿನಲ್ಲಿ ಗಾರಾ ಏಳು ಎಣಿಸಿದೆ, ಮೇಲ್ಗಡೆ ಸೊನ್ನೆ.